ಬಾಗಿಲು ತೆಗೆಯದ ಮಳೆಗಾಲ

ಕಳೆದ ಶ್ರಾವಣದಲ್ಲಿ ಮಗಳ ಜೊತೆ ಸೀರೆ ಕೊಳ್ಳಲು ಹುಬ್ಬಳ್ಳಿಗೆ ಹೋಗಿದ್ದೆ. ಸ್ಟೇಶನ್ ರಸ್ತೆಯ ಕಡೆ ಹೊಸದಾಗಿ ತೆರೆದ ದೊಡ್ಡ ಅಂಗಡಿ. ಒಳಗೆ ಕಾಲಿಟ್ಟು ಸ್ವಲ್ಪ ಮುಂದೆ ನಡೆಯುವಷ್ಟರಲ್ಲಿ ನೆಲ ಇಳಿಜಾರಾಗಿದೆ ಅನಿಸಿತು. ಮೊಣಕಾಲು ನೋವಿನವರಿಗೆ ಇಂಥದ್ದು ಬೇಗ ತಿಳಿಯುತ್ತದೆ. ಸೀರೆ ಬಿಚ್ಚಿ ತೋರಿಸುತ್ತಿದ್ದ ಮನುಷ್ಯನನ್ನು ಕೇಳಿದೆ.

"ಮೊದಲ ಇದು ಟಾಕೀಜ್ ಇತ್ತ್ರೀ ಅಮ್ಮಾರ," ಅಂದ. "ನೆಲಾ ಸಪಾಟ ಮಾಡಸ್ತೇನಿ ಅಂತ ಮಾಲಕರು ಹೇಳಕೋತನ ಬಂದಾರ. ಇನ್ನೂ ಆಗವಲ್ದು."

ಮಗಳು ಬಣ್ಣ ಆರಿಸುತ್ತಿದ್ದಳು. ನಾನು ಸ್ಟೂಲಿನ ಮೇಲೆ ಕುಳಿತು ಮೇಲೆ ನೋಡಿದೆ. ಮದುವೆಯಾದ ಹೊಸದರಲ್ಲಿ ನಾವು ಕುಳಿತು ಚಿತ್ರ ನೋಡಿದ್ದ ಬಾಲ್ಕನಿ ಇದ್ದ ಕಡೆ ಈಗ ಮಕ್ಕಳ ಉಡುಪಿನ ವಿಭಾಗ ಮಾಡಿದ್ದಾರೆ. ಹೊರಗೆ ಮಳೆ ಹಿಡಿದಿತ್ತು. ಗಿರಾಕಿಗಳು ಬಾಗಿಲ ಬಳಿ ಇಟ್ಟ ಒದ್ದೆ ಕೊಡೆಗಳಿಂದ ಒಂದು ಕಮಟು ವಾಸನೆ ಒಳಗೆ ಬರುತ್ತಿತ್ತು. ಆ ವಾಸನೆಯ ಜೊತೆಗೆ ನೀಲಕ್ಕನ ಕೈ ನೆನಪಾಯಿತು, ನನ್ನ ಮಣಿಕಟ್ಟನ್ನು ಬಳೆ ಮುರಿಯುವ ಹಾಗೆ ಹಿಡಿದಿದ್ದ ಕೈ.

ನಾನು ಮದುವೆಯಾಗಿ ಬಾಗಲಕೋಟೆಯಿಂದ ಧಾರವಾಡಕ್ಕೆ ಬಂದ ಮೊದಲ ಮಳೆಗಾಲ ಅದು. ಇಸವಿ ಅರವತ್ತೈದೋ ಅರವತ್ತಾರೋ ಇರಬೇಕು. ನಮ್ಮ ಕಡೆ ಮಳೆಯೆಂದರೆ ಸಂಜೆಗೆ ಗುಡುಗಿ, ಒಂದಷ್ಟು ಹೊತ್ತು ಬಡಿದು, ಬೆಳಗಾಗುವಷ್ಟರಲ್ಲಿ ಮುಗಿದು ಹೋಗುವ ವ್ಯವಹಾರ. ಧಾರವಾಡದ ಮಳೆಗೆ ಅವಸರವೇ ಇರಲಿಲ್ಲ. ಜರಡಿ ಹಿಡಿದ ಹಿಟ್ಟಿನ ಹಾಗೆ ದಿನವಿಡೀ ಉದುರುತ್ತಿತ್ತು. ಬಟ್ಟೆ ಒಣಗದೆ ಅಡುಗೆಮನೆಯ ಒಲೆಯ ಮೇಲೆ ಹಗ್ಗ ಕಟ್ಟಿ ಹರವುತ್ತಿದ್ದೆವು. ಉಟ್ಟ ಸೀರೆಗೆಲ್ಲ ಹೊಗೆಯ ವಾಸನೆ.

ಮಾಳಮಡ್ಡಿಯಲ್ಲಿ ನಮ್ಮದು ಬಾಡಿಗೆಯ ಹೆಂಚಿನ ಮನೆ. ನನ್ನ ಗಂಡ ನೀರಾವರಿ ಕಚೇರಿಯಲ್ಲಿ ಕೆಲಸಕ್ಕಿದ್ದರು. ಅತ್ತೆ ಮಾವ ಇರಲಿಲ್ಲ. ಮನೆಯಲ್ಲಿ ನಾವಿಬ್ಬರು, ಮತ್ತೆ ಅವರ ಅಕ್ಕ ನೀಲಮ್ಮ. ನನಗೂ ಅವರು ನೀಲಕ್ಕನೇ ಆದರು. ಗದಗಿನ ಆಚೆ ಒಂದು ಹಳ್ಳಿಗೆ ಅವರನ್ನು ಕೊಟ್ಟಿದ್ದರಂತೆ. ಗಂಡ ವಿಷಮಶೀತ ಜ್ವರದಲ್ಲಿ ಹೋದ. ಆಮೇಲೆ ವರ್ಷದೊಳಗೆ ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದವರು ತಿರುಗಿ ಹೋಗಿರಲಿಲ್ಲ. ಯಾಕೆ ಬಂದೆ ಎಂದು ತಮ್ಮ ಕೇಳಲಿಲ್ಲ, ಅಕ್ಕ ಹೇಳಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಶಿನ್ ಇಟ್ಟುಕೊಂಡು ಓಣಿಯ ಹೆಂಗಸರಿಗೆ ಜಂಪರು, ಮಕ್ಕಳಿಗೆ ಲಂಗ ಹೊಲಿಯುತ್ತಿದ್ದರು. ಆಗ ಅವರಿಗೆ ಮೂವತ್ತರ ಆಸುಪಾಸು. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅಂಥ ಅಂದದ ನಗುವನ್ನು ಯಾಕೆ ಮುಚ್ಚುತ್ತಾರೋ ಎಂದು ನನಗೆ ಅನಿಸುತ್ತಿತ್ತು.

ಗುರುಪಾದಪ್ಪನವರು ನನ್ನ ಗಂಡನ ಕಚೇರಿಯವರೇ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಶಾಂತಾ ಎಂಬ ಸಣ್ಣ ಮಗಳು ಮುಗದ ಎಂಬ ಹಳ್ಳಿಯಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು. ಊರಿಗೆ ಹೋಗಿ ಬಂದಾಗಲೆಲ್ಲ ನಮ್ಮ ಮನೆಗೆ ಅವಲಕ್ಕಿ ತರುತ್ತಿದ್ದರು, ಗದ್ದೆಯ ಭತ್ತದ್ದು, ಇನ್ನೂ ಬಿಸಿ ಆರದ ಹಾಗಿರುತ್ತಿತ್ತು. ಮಾತು ಕಡಿಮೆ. ಬಂದರೆ ಹೊರಗಿನ ಗೋಣಿತಾಟಿನ ಮೇಲೆ ಕಾಲನ್ನು ಎಷ್ಟು ಒರೆಸುತ್ತಿದ್ದರೆಂದರೆ ನನ್ನ ಗಂಡ, "ಸಾಕ ಬಿಡೋ ಮಾರಾಯ, ಕಾಲೂ ಸವದಾವು," ಎನ್ನುತ್ತಿದ್ದರು. ನೀಲಕ್ಕನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಚಹಾ ಕುಡಿದ ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ಚಹಾ ಛಲೋ ಆಗಿತ್ತು ಅಂತ ಹೇಳ್ರಿ," ಎನ್ನುತ್ತಿದ್ದರು. ನೀಲಕ್ಕ ಅಲ್ಲೇ ಮಶಿನ್ ಮುಂದೆ ಕುಳಿತಿರುತ್ತಿದ್ದರು.

ಆಷಾಢದಲ್ಲಿ ಅವರ ತಾಯಿ ಮೊಮ್ಮಗಳನ್ನು ಕರೆದುಕೊಂಡು ಬಂದರು. ಲಂಗ ಹೊಲಿಸುವುದು ನೆಪ. ಶಾಂತಾ ನೀಲಕ್ಕನ ಮುಂದೆ ಕೈ ಚಾಚಿ ಅಳತೆ ಕೊಡುತ್ತ ನಿಂತಿದ್ದಳು. ಆ ಅಜ್ಜಿ ಅವರಿಬ್ಬರನ್ನೇ ನೋಡುತ್ತಿದ್ದಳು. ಹೋಗುವಾಗ ನನ್ನ ಗಂಡನನ್ನು ಪಕ್ಕಕ್ಕೆ ಕರೆದು, "ನಿಮ್ಮ ಅಕ್ಕಾರ ಮನಸ್ಸು ತಿಳಕೋರಿ. ನಮ್ಮದೇನೂ ಒತ್ತಾಯಿಲ್ಲ. ದಸರಾ ಆದಮ್ಯಾಲ ನಾಕ ಮಂದಿ ಕರದು ಮುಗಸೋಣು," ಅಂದಳು. ನಮ್ಮ ಜನರಲ್ಲಿ ಗಂಡ ಸತ್ತವರು ಮತ್ತೆ ಮದುವೆಯಾಗಲು ಅಡ್ಡಿ ಇರಲಿಲ್ಲ. ನಾನು ಕೇಳಿದಾಗ ನೀಲಕ್ಕ ಹೂಂ ಅನ್ನಲಿಲ್ಲ, ಒಲ್ಲೆ ಅಂತಲೂ ಅನ್ನಲಿಲ್ಲ. ಮಶಿನ್ನಿನ ಗಾಲಿ ತಿರುಗಿಸುತ್ತ, "ಆ ಕೂಸು ಭಾಳ ಸೊರಗೇತಿ ನೋಡು," ಎಂದರು. ನನಗೆ ಅಷ್ಟು ಸಾಕಾಗಿತ್ತು.

ಆಗಲೇ ಹುಬ್ಬಳ್ಳಿಗೆ ಆ ಇಂಗ್ಲಿಷ್ ಚಿತ್ರ ಬಂತು. ಇಂಗ್ಲಿಷ್ ಚಿತ್ರಗಳು ಬಂದದ್ದು ಹೋದದ್ದು ಗೊತ್ತಾಗುತ್ತಿರಲಿಲ್ಲ. ಇದು ಮಾತ್ರ ವಾರಗಟ್ಟಲೆ ಓಡಿತು. ಭಾಷೆ ಬಾರದವರೂ ನೋಡಿ ಬಂದು ಓಣಿಯಲ್ಲಿ ಕಥೆ ಹೇಳಿದರು. ಕಾಲೇಜಿನ ಹುಡುಗರು ಎರಡೆರಡು ಸಲ ಹೋದರು. ನೋಡುತ್ತ ಎಚ್ಚರ ತಪ್ಪಿದ ಹೆಂಗಸರ ಬಗ್ಗೆ ಸುದ್ದಿ ಹಬ್ಬಿತ್ತು, ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಒಂದು ರವಿವಾರ ನಮ್ಮನ್ನೆಲ್ಲ ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋಗುವುದೆಂದು ಗುರುಪಾದಪ್ಪನವರೇ ಗೊತ್ತು ಮಾಡಿದರು. ನೀಲಕ್ಕನಿಗೆ ಒಂದು ದಿನ ಮನೆಯಿಂದ ಹೊರಗೆ ಬಂದ ಹಾಗೆ ಆಗಲಿ ಎಂದು ಅವರ ಮನಸ್ಸಿನಲ್ಲಿ ಇದ್ದಿರಬೇಕು. ನೀಲಕ್ಕ ಆವತ್ತು ತಿಳಿನೀಲಿ ಇಳಕಲ್ ಸೀರೆ ಉಟ್ಟಿದ್ದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಹುಬ್ಬಳ್ಳಿ ಬರುವ ತನಕ ಹೊರಗೆ ನೋಡುತ್ತಿದ್ದರು.

ಚಿತ್ರದ ಕಥೆ ಇಷ್ಟೇ. ಊರ ಹೊರಗೆ ಒಂದು ಒಂಟಿ ಬಂಗಲೆ. ಗಂಡ ಪರಊರಿಗೆ ಹೋಗಿದ್ದಾನೆ, ಹೆಂಡತಿ ಒಬ್ಬಳೇ. ಹೊರಗೆ ಮಳೆ. ಯಾರೋ ಬಾಗಿಲು ಬಡಿಯುತ್ತಾರೆ. ಮೊದಲು ಮೆಲ್ಲಗೆ ಎರಡು ಸಲ, ಸ್ವಲ್ಪ ತಡೆದು ಮತ್ತೊಂದು ಸಲ. ಅವಳು ಎದ್ದು ಬಾಗಿಲ ತನಕ ಬಂದು ನಿಲ್ಲುತ್ತಾಳೆ. ಅಷ್ಟು ಹೊತ್ತು ಬೀಡಿ ಸೇದುತ್ತ ಗಲಾಟೆ ಮಾಡುತ್ತಿದ್ದ ಕೆಳಗಿನ ಜನ ಒಮ್ಮೆಲೇ ಸುಮ್ಮನಾದರು. ಆಗ ಯಾರೋ ಮುದುಕನ ದನಿ ಕತ್ತಲಲ್ಲಿ ಕೇಳಿತು.

"ತೆಗೀಬ್ಯಾಡ ತಂಗಿ, ತೆಗೀಬ್ಯಾಡ."

ಎಲ್ಲರೂ ನಕ್ಕರು. ನಾವೂ ನಕ್ಕೆವು. ಅವಳು ಬಾಗಿಲು ತೆಗೆದಳು. ಟಾಕೀಜಿಗೆ ಟಾಕೀಜೇ ಉಸಿರು ಬಿಟ್ಟಿತು.

ಒಳಗೆ ಬಂದವನು ನೋಡಲು ಸಭ್ಯಸ್ಥ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ನೀರು ಕೇಳಿದ. ಅವಳು ನೀರು ತರಲು ತಿರುಗಿದಾಗ ಬಾಗಿಲಿನ ಅಗಳಿ ಹಾಕಿದ. ಆಮೇಲಿನದೆಲ್ಲ ಆ ಮನೆಯೊಳಗೇ ನಡೆಯುತ್ತದೆ. ಟೆಲಿಫೋನಿನ ತಂತಿ ಕತ್ತರಿಸುತ್ತಾನೆ. ಅವಳು ತಪ್ಪಿಸಿಕೊಂಡು ಊಟದ ಕೋಣೆಯ ಕಪಾಟಿನಲ್ಲಿ ಅಡಗಿಕೊಳ್ಳುತ್ತಾಳೆ. ಅವನಿಗೆ ಅವಸರವಿಲ್ಲ. ಅವಳು ಮಾಡಿಟ್ಟ ಅಡಿಗೆಯನ್ನು ಬಡಿಸಿಕೊಂಡು, ಆ ಕಪಾಟಿನ ಎದುರಿಗೇ ಕುಳಿತು ನಿಧಾನವಾಗಿ ಉಣ್ಣುತ್ತಾನೆ. ಕಪಾಟಿನ ಸಂದಿಯಲ್ಲಿ ಅವಳ ಒಂದು ಕಣ್ಣು ಮಾತ್ರ ಕಾಣುತ್ತದೆ.

ಟಾಕೀಜಿನಲ್ಲಿ ಒಂದು ಸಪ್ಪಳವಿರಲಿಲ್ಲ. ನಮ್ಮ ಮುಂದಿನ ಸಾಲಿನ ಹೆಂಗಸು ಮಗುವಿನ ಕಣ್ಣು ಮುಚ್ಚಿ ತಾನು ನೋಡುತ್ತಿದ್ದಳು. ನನ್ನ ಗಂಡ ಬಾಯಿ ತೆರೆದು ಕುಳಿತಿದ್ದರು. ನೀಲಕ್ಕ ನನ್ನ ಮಣಿಕಟ್ಟು ಹಿಡಿದಿದ್ದರು. ಕೈ ತಣ್ಣಗಿತ್ತು. ಆಗ ಸಾಲಿನ ಕೊನೆಯಿಂದ ನಗು ಕೇಳಿಸಿತು. ಗುರುಪಾದಪ್ಪನವರು ನಗುತ್ತಿದ್ದರು. ಒಮ್ಮೆ ನಕ್ಕು ಬಿಡುವ ನಗೆಯಲ್ಲ. ತಡೆಯಲು ನೋಡಿದ ಹಾಗೆ ಮಾಡಿ, ತಡೆಯಲಾಗದೆ ಮತ್ತೆ ಮತ್ತೆ, ಹೆಗಲು ಕುಣಿಯುವ ಹಾಗೆ. ಮುಂದಿನವರು ತಿರುಗಿ ನೋಡಿದರು. ಯಾರೋ "ಏ, ಸುಮ್ನ ಕುಂದರ್ರಿ," ಎಂದು ಗದರಿದರು. ನೀಲಕ್ಕ ಪರದೆ ಬಿಟ್ಟು ಅವರತ್ತ ನೋಡಿದರು. ಪರದೆಯ ಬೆಳಕು ನಗುತ್ತಿದ್ದ ಆ ಮುಖದ ಮೇಲಿತ್ತು. ನನ್ನ ಒಂದು ಬಳೆ ಚಟ್ಟನೆ ಒಡೆಯಿತು.

ಚಿತ್ರ ಹೇಗೆ ಮುಗಿಯಿತೆಂದು ನೀಲಕ್ಕ ನೋಡಲಿಲ್ಲ. ತಲೆ ತಗ್ಗಿಸಿ ಕುಳಿತಿದ್ದರು. ಬರುವಾಗ ಬಸ್ಸಿನ ತುಂಬ ಅದೇ ಮಾತು. ನನ್ನ ಗಂಡ ಎಲ್ಲರಿಗೂ ಇಂಗ್ಲಿಷ್ ಬಿಡಿಸಿ ಹೇಳುತ್ತಿದ್ದರು. ಗುರುಪಾದಪ್ಪನವರು ಕೊಡೆ ಹಿಡಿದುಕೊಂಡು ಹಿಂದೆ ನಿಂತೇ ಬಂದರು. ನಮ್ಮ ಮನೆಯ ತನಕ ಬರದೆ ಬಸ್ ಸ್ಟ್ಯಾಂಡಿನಿಂದಲೇ ಹೊರಟು ಹೋದರು.

ಆ ಮಳೆಗಾಲದಲ್ಲಿ ನಮ್ಮ ಓಣಿಯ ನಡಾವಳಿಯೇ ಬದಲಾಯಿತು ಅಂದರೆ ಈಗಿನವರು ನಂಬುವುದಿಲ್ಲ. ಅಲ್ಲಿಯ ತನಕ ಹಗಲಿನಲ್ಲಿ ಯಾರ ಮನೆಯ ಬಾಗಿಲೂ ಮುಚ್ಚುತ್ತಿರಲಿಲ್ಲ. ಈಗ ಗಂಡಸರು ಕಚೇರಿಗೆ ಹೋದ ಕೂಡಲೇ ಒಂದೊಂದಾಗಿ ಚಿಲಕ ಬೀಳುತ್ತಿದ್ದವು. ಬಡಿಗೇರನಿಗೆ ಮನೆಮನೆಗೂ ಒಳಅಗಳಿ ಕೂಡಿಸುವ ಕೆಲಸ ಸಿಕ್ಕಿತು. ಬಳೆ ಮಾರುವ ಹುಸೇನಬಿ ಮೊದಲೆಲ್ಲ ಸೀದಾ ನಡುಮನೆಗೆ ಬಂದು ಬುಟ್ಟಿ ಇಳಿಸಿ, ನೀರು ಕುಡಿದು, ಮಗಳ ಸುದ್ದಿ ಹೇಳಿ ಹೋಗುತ್ತಿದ್ದಳು. ಈಗ ಕಟ್ಟೆಯ ಮೇಲೆ ಕುಳಿತು ಕೂಗಬೇಕಾಯಿತು. ಒಂದೆರಡು ಸಲ ಬಂದಳು. ಆಮೇಲೆ ನಮ್ಮ ಓಣಿಗೆ ಬರುವುದನ್ನೇ ಬಿಟ್ಟಳು.

ಇದರ ಬಗ್ಗೆ ವಾದವೂ ನಡೆಯಿತು. ಮನೆ ಮಾಲಕರ ಹೆಂಡತಿ ಗೌರಮ್ಮ ಚಿತ್ರ ನೋಡಿರಲಿಲ್ಲ, ಕೇಳಿದ್ದಳು ಅಷ್ಟೆ. "ಮಳ್ಯಾಗ ನೆನಕೋತ ಬಂದು ನೀರು ಕೇಳಿದವಗ ಬಾಗಲಾ ತೆಗೀಬಾರದು ಅಂದ್ರ ಅದೆಂಥಾ ಸಿನಿಮಾ ಆತು?" ಎನ್ನುತ್ತಿದ್ದಳು. "ತೆಗದಾಕಿಗೆ ಏನಾತು ನೋಡಿದ್ರೇನ್ರಿ?" ಎಂದು ಎದುರು ಮನೆಯವಳು ಕೇಳುತ್ತಿದ್ದಳು. ಇಬ್ಬರೂ ಹೇಳುವುದು ನನಗೆ ಸರಿ ಅನಿಸುತ್ತಿತ್ತು.

ಗಂಡಸರಿಗೆ ಮಾತ್ರ ಅದು ಚೇಷ್ಟೆಯಾಯಿತು. ಎರಡು ಸಲ ಮೆಲ್ಲಗೆ ಬಡಿದು, ತಡೆದು ಮತ್ತೊಂದು ಸಲ ಬಡಿಯುವುದನ್ನು ಊರೆಲ್ಲ ಕಲಿತರು. ಹಾಸ್ಟೆಲಿನ ಹುಡುಗರು ಒಬ್ಬರ ಕೋಣೆಯನ್ನು ಒಬ್ಬರು ಹಾಗೆ ಬಡಿಯುತ್ತಿದ್ದರಂತೆ. ನನ್ನ ಗಂಡ ಕಚೇರಿಯಿಂದ ಬಂದು ಒಮ್ಮೆ ಹಾಗೆಯೇ ಬಡಿದರು. ನಾನು ನಕ್ಕು ಬಾಗಿಲು ತೆಗೆದೆ. ನೀಲಕ್ಕ ಎದ್ದು ಒಳಗೆ ಹೋದರು.

ಶ್ರಾವಣದ ಒಂದು ಮಧ್ಯಾಹ್ನ ನಾನು ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಹಿಟ್ಟಿನ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಣಿಯ ತಿರುವಿಗೆ ಬಂದಾಗ ಎದುರಿಗೆ ಗುರುಪಾದಪ್ಪನವರು ಬರುತ್ತಿದ್ದರು. ಬಗಲಲ್ಲಿ ಅವಲಕ್ಕಿಯ ಗಂಟು. ಕೊಡೆ ಕೈಯಲ್ಲೇ ಇತ್ತು, ಬಿಚ್ಚಿರಲಿಲ್ಲ. ತಲೆಯಿಂದ ನೀರು ಇಳಿಯುತ್ತಿತ್ತು.

"ಹೊಂಟೇ ಬಿಟ್ರಲ್ರಿ, ಬರ್ರಿ ಮನಿಗೆ," ಅಂದೆ.

"ಹೋಗಿದ್ದೆ ರೀ." ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. "ಊರಿಂದ ಬಂದ್ನಿ, ಹಾದೀ ಮ್ಯಾಲ ಕೊಟ್ಟು ಹೋದ್ರಾತು ಅಂತ. ಎಲ್ಲಾರೂ ಮಾಡತಾರಲ್ಲ, ಹಂಗ ನಾನೂ ಬಡದ್ನಿ. ನಗಸಬೇಕು ಅಂತ. ಅವತ್ತ ಟಾಕೀಜಿನ್ಯಾಗ ಏನೋ ಆತು, ಅದನ್ನ ಹಗರ ಮಾಡೋಣು ಅಂತ."

"ಕೇಳಿಸಿಲ್ಲ ಕಾಣಸ್ತೈತ್ರಿ."

"ಕೇಳಿಸೇತ್ರಿ. ಮಶಿನ್ ಸಪ್ಪಳಾ ಬರತಿತ್ತು. ನಾ ಬಡದ ಕೂಡ್ಲೇ ನಿಂತು ಹೋತು." ಗಂಟನ್ನು ನನ್ನ ಕೈಗೆ ಕೊಟ್ಟರು. "ಕಟ್ಟೀ ಮ್ಯಾಲ ಕುಂತು ಕಾಯ್ದೆ. ಮತ್ತ ಬಡೀಲಿಲ್ಲ."

ನಾನು ಹಿತ್ತಲ ಕಡೆಯಿಂದ ಹೋಗಿ ಕೂಗಿದೆ. ನೀಲಕ್ಕ ಬಾಗಿಲು ತೆಗೆದರು. ಮುಖ ಬಿಳಿಚಿತ್ತು. ಮಶಿನ್ನಿನ ಸೂಜಿಯ ಕೆಳಗೆ ಶಾಂತಾಳ ಲಂಗ ಅರ್ಧಕ್ಕೆ ನಿಂತಿತ್ತು. "ತಲೀ ಭಾಳ ನೋಯಾಕತ್ತೇತಿ," ಅಂದರು. ಅವಲಕ್ಕಿ ಗಂಟು ನೋಡಿ ಒಳಗೆ ಹೋದರು.

ಆ ವಾರದಲ್ಲೇ ಒಂದು ದಿನ ಇಬ್ಬರೂ ಶೇಂಗಾ ಸುಲಿಯುತ್ತ ಕುಳಿತಿದ್ದಾಗ ಅವರಾಗಿಯೇ ಹೇಳಿದರು. ಗಂಡ ಸತ್ತ ಮೇಲೆ ಆ ಮನೆಯಲ್ಲಿ ಗಂಡನ ಅಣ್ಣ ರಾತ್ರಿ ಅವರ ಕೋಣೆಯ ಬಾಗಿಲು ಬಡಿಯುತ್ತಿದ್ದನಂತೆ. ಹಗಲಿನಲ್ಲಿ ಎಲ್ಲರ ಮುಂದೆ ತಂಗಿ ಎಂದು ಮಾತಾಡಿಸುವವನು. ಅತ್ತೆಗೆ ಹೇಳಿದರೆ, ನಿನಗೇ ಕೆಟ್ಟ ಕನಸು ಬೀಳುತ್ತವೆ ಅಂದಳಂತೆ. ಟ್ರಂಕನ್ನು ಬಾಗಿಲಿಗೆ ಅಡ್ಡ ಇಟ್ಟು ಅದರ ಮೇಲೆ ಕುಳಿತು ಬೆಳಗು ಮಾಡುತ್ತಿದ್ದರಂತೆ. ಕೊನೆಗೆ ಆ ಟ್ರಂಕನ್ನೇ ಹಿಡಿದು ಬಂದದ್ದು.

"ಅವಾ ಹೊರಗ ನಿಂತು ನಗತಿದ್ದ, ಗಂಗಾ," ಅಂದರು. "ಬಡಿಯೂದು ಹೆಂಗರ ತಡಕೋಬಹುದು. ಆ ನಗಿ ಕೇಳಿದ್ರ ಮೈಯಾಗಿನ ಶಕ್ತೀನ ಹೋಗತಿತ್ತು."

"ಗುರುಪಾದಪ್ಪನವರು ಅಂಥಾ ಮನಶ್ಯಾ ಅಲ್ಲಕ್ಕಾ."

"ಅಲ್ಲಂತ ನನಗೂ ಗೊತ್ತೈತಿ. ಆದ್ರ ಆಕಿ ಕಪಾಟನ್ಯಾಗ ಹಂಗ ನಿಂತಾಗ ಅವರು ನಕ್ರಲ್ಲ. ಯಾಕ ನಕ್ರು? ನಗೂ ಅಂಥಾದ್ದು ಏನಿತ್ತು ಅಲ್ಲಿ?"

ಈ ಮಾತು ತಮ್ಮನ ಕಿವಿಗೆ ಬೀಳಬಾರದೆಂದು ಅವರು ನನ್ನ ಕೈ ಮುಟ್ಟಿ ಹೇಳಿದರು. ನಾನು ಮಾತು ಕೊಟ್ಟೆ. ಹಾಗಾಗಿ ಅವರು ಬಾಗಿಲು ತೆಗೆಯದ್ದಕ್ಕೆ ಕಾರಣ ನನ್ನ ಗಂಡನಿಗೆ ತಿಳಿಯಲಿಲ್ಲ, ಗುರುಪಾದಪ್ಪನವರಿಗೂ ತಿಳಿಯಲಿಲ್ಲ. ಹೆಣ್ಣಿಗೆ ಮನಸ್ಸಿಲ್ಲ, ಬಾಯಿಬಿಟ್ಟು ಹೇಳದೆ ಹೀಗೆ ತಿಳಿಸಿದಳು ಎಂದು ಅವರು ಅರ್ಥ ಮಾಡಿಕೊಂಡರು. ಬೇರೆ ಯಾರಾದರೂ ಹಾಗೆಯೇ ಅರ್ಥ ಮಾಡಿಕೊಳ್ಳುತ್ತಿದ್ದರು.

ಆಮೇಲೆ ಅವರು ನನ್ನ ಗಂಡ ಮನೆಯಲ್ಲಿದ್ದಾಗ ಮಾತ್ರ ಬರುತ್ತಿದ್ದರು. ಬಂದರೂ ಪಡಸಾಲೆ ದಾಟುತ್ತಿರಲಿಲ್ಲ. ನೀಲಕ್ಕ ಶಾಂತಾಳ ಲಂಗಕ್ಕೆ ಕೆಳಗೆ ಕೆಂಪು ಅಂಚು ಕೂಡಿಸಿ ಮುಗಿಸಿ ತಮ್ಮನ ಕೈಯಲ್ಲಿ ಕಳಿಸಿದರು. ಗಣೇಶ ಚೌತಿ ಆಯಿತು, ಮಳೆ ಹಿಂದೆಗೆಯಿತು, ಪೇಟೆಗೆ ಪೇರಲ ಹಣ್ಣು ಬಂದವು. ದಸರಾ ಬಂದು ಹೋಯಿತು. ಯಾರೂ ಯಾರನ್ನೂ ಕರೆಯಲಿಲ್ಲ. ದೀಪಾವಳಿಯ ಮುಂದೆ ಗುರುಪಾದಪ್ಪನವರು ವಿಜಾಪುರಕ್ಕೆ ವರ್ಗ ಮಾಡಿಸಿಕೊಂಡರು. ಹೊರಡುವ ದಿನ ನಮ್ಮ ಮನೆಗೆ ಬಂದು ಅಂಗಳದಲ್ಲೇ ನಿಂತು ಹೇಳಿ ಹೋದರು. ನೀಲಕ್ಕ ಒಳಗಿನ ಬಾಗಿಲ ತನಕ ಬಂದರು. ಅವರು ಕೈ ಮುಗಿದರು, ಇವರೂ ಮುಗಿದರು. ಅವರಿಬ್ಬರು ಎದುರುಬದುರು ನಿಂತದ್ದು ನಾನು ನೋಡಿದ್ದು ಅದೊಂದೇ ಸಲ. ಮುಂದಿನ ವರ್ಷ ಅವರಿಗೆ ಆ ಕಡೆಯ ಹೆಣ್ಣಿನೊಂದಿಗೆ ಮದುವೆಯಾಯಿತೆಂದು ಕೇಳಿದೆವು.

ನೀಲಕ್ಕ ನಮ್ಮ ಜೊತೆಗೇ ಉಳಿದರು. ನನ್ನ ಮಕ್ಕಳನ್ನು ಅವರೇ ಬೆಳೆಸಿದರು ಅಂದರೂ ತಪ್ಪಿಲ್ಲ. ಆ ಚಿತ್ರ ಊರು ಬಿಟ್ಟು ಹೋಯಿತು, ಜನ ಮರೆತರು. ಆದರೆ ಓಣಿಯ ಬಾಗಿಲುಗಳು ಮತ್ತೆ ಮೊದಲಿನ ಹಾಗೆ ತೆರೆದುಕೊಳ್ಳಲಿಲ್ಲ.

ಬಹಳ ವರ್ಷಗಳ ಮೇಲೆ ಕೆಲಗೇರಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಅಲ್ಲಿ ಶಾಲೆಯ ಮುಖ್ಯಾಧ್ಯಾಪಕಿಯೊಬ್ಬಳು ಬಂದು ನನ್ನ ಕಾಲು ಮುಟ್ಟಿದಳು. ಗುರುತು ಸಿಗಲಿಲ್ಲ. "ಮುಗದದ ಶಾಂತಾ ರೀ," ಅಂದಳು. ಊಟವಾದ ಮೇಲೆ ಕೆರೆಯ ದಂಡೆಯ ಕಡೆ ಇಬ್ಬರೂ ಹೋಗಿ ಕುಳಿತೆವು. ತಂದೆ ಹಿಂದಿನ ವರ್ಷ ತೀರಿಕೊಂಡರೆಂದು ಹೇಳಿದಳು.

"ಕಡೀ ದಿನದಾಗ ಭಾಳ ತ್ರಾಸ ಆತ್ರಿ. ಡಾಕ್ಟರ್ ಬಂದು ಉಳಿಯೂದಿಲ್ಲ ಅಂತ ಹೇಳಿದ್ರ, ಅಪ್ಪಾ ನಗಾಕ ಹತ್ತಿದ್ರು. ಡಾಕ್ಟರ್ ಗಾಬರಿ ಆದ್ರು. ನಮಗ ಗೊತ್ತಿತ್ತು."

"ಏನ್ ಗೊತ್ತಿತ್ತು?"

"ಅವರಿಗೆ ಅಂಜಿಕಿ ಬಂದ್ರ ನಗು ಬರತಿತ್ತು ರೀ. ಸಣ್ಣಾಂವ ಇದ್ದಾಗಿಂದನೂ ಹಂಗ ಅಂತ ಅಜ್ಜಿ ಹೇಳತಿದ್ಲು. ನಮ್ಮವ್ವ ಸತ್ತ ದಿನಾ ಹೆಣದ ಮುಂದ ಕುಂತು ನಕ್ರಂತ. ಮಂದಿ ಏನೇನೋ ಅಂದ್ರು. ಅದಕ್ಕ ಅವರು ನಾಕ ಮಂದ್ಯಾಗ ಮಾತಾಡೂದನ್ನ ಕಮ್ಮಿ ಮಾಡಿದ್ರು."

ಕೆರೆಯ ನೀರಿನ ಮೇಲೆ ಬಿಸಿಲಿತ್ತು. ನೀಲಕ್ಕ ಹೇಗಿದ್ದಾರೆಂದು ಅವಳು ಕೇಳಿದಳು. ಆರಾಮಿದ್ದಾರೆ ಅಂದೆ.

ಇದನ್ನು ನೀಲಕ್ಕನಿಗೆ ಹೇಳಬೇಕೋ ಬೇಡವೋ ಎಂದು ಕೆಲವು ದಿನ ಒದ್ದಾಡಿದೆ. ಸತ್ತವರ ಸುದ್ದಿ ಮುಚ್ಚಿಡಬಾರದು ಅನಿಸಿತು. ಒಂದು ಸಂಜೆ ಇಬ್ಬರೇ ಇದ್ದಾಗ ಎಲ್ಲವನ್ನೂ ಹೇಳಿದೆ. ಅವರಿಗೆ ಆಗ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕನ್ನಡಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದರು.

"ಖರೇನ ಅಂಜಿದ್ರಂತೇನು?" ಎಂದರು ಕೊನೆಗೆ.

"ಹೂಂನಕ್ಕಾ."

"ಅವತ್ತ ಬಾಗಲಾ ಬಡದಾಗ ನಾ ಎದ್ದು ಬಂದು ಚಿಲಕದ ಮ್ಯಾಲ ಕೈ ಇಟ್ಟಿದ್ದೆ. ಅವರು ಕಟ್ಟೀ ಮ್ಯಾಲ ಕುಂತಿದ್ದೂ ಗೊತ್ತಿತ್ತು. ಅವರು ಕೆಮ್ಮಿದ್ರ ಕೇಳತಿತ್ತು. ಅವರು ಎದ್ದು ಹೋಗೂತನಕ ಅಲ್ಲೇ ನಿಂತಿದ್ದೆ."

ಅವರು ಸೆರಗಿನ ತುದಿಯಿಂದ ಕನ್ನಡಕದ ಗಾಜು ಒರೆಸಿದರು. ಒರೆಸಿ ಆದ ಮೇಲೂ ಒರೆಸುತ್ತಲೇ ಇದ್ದರು.

"ಇಬ್ಬರೂ ಅಂಜಿದ್ವಿ ಅಂದಂಗಾತು," ಅಂದರು. "ಗೊತ್ತಿದ್ರ ಒಬ್ಬರಿಗೊಬ್ಬರು ಧೈರ್ಯಾ ಹೇಳಕೋಬಹುದಿತ್ತು."